ಉಪದೇಶಿಯ ಮರಣಶಾಸನ

ನವೆಂಬರ್ ೨ ಸಕಲ ಮೃತರ ಸ್ಮರಣೆಯ ದಿನ. ಕೊಳ್ಳೇಗಾಲ, ಹನೂರು ಭಾಗದ ನಮ್ಮ ಕ್ರೈಸ್ತ ಗ್ರಾಮಗಳಲ್ಲಿ ಅಂದು ಸಮಾಧಿಗಳಿಗೆ ಸುಣ್ಣ ಬಳಿದು, ಚೆಂಡುಹೂವಿನ ಹಾರ ಹಾಕಿ, ಮೇಣದ ಬತ್ತಿ ಹಚ್ಚಿ, ಗುರುಗಳು ಪವಿತ್ರ ಜಲ ಪ್ರೋಕ್ಷಿಸಲು ಬರುವುದನ್ನು ಜನರು ಕಾದು ನಿಲ್ಲುತ್ತಾರೆ. ಹೀಗೆ ಸಮಾಧಿಯಿಂದ ಸಮಾಧಿಗೆ ನಡೆಯುವಾಗ ಹನೂರಿನ ಕಡೆಯ ಒಂದು ಗ್ರಾಮದಲ್ಲಿ ನಮ್ಮ ಹೆಜ್ಜೆ ಪ್ರತಿ ವರ್ಷವೂ ಕ್ಷಣಕಾಲ ತಡೆಯುತ್ತದೆ. ಅಲ್ಲಿ ಒಂದೇ ಸಮಾಧಿಯ ಬಲಕ್ಕೆ ಅಣ್ಣ ನಿಂತಿರುತ್ತಾನೆ, ಎಡಕ್ಕೆ ತಂಗಿ. ನಡುವೆ ಮಲಗಿರುವವರು ಅವರ ತಂದೆ. ಇಬ್ಬರೂ ಒಂದೇ ಪ್ರಾರ್ಥನೆಯನ್ನು ಹೇಳುತ್ತಾರೆ. ಒಬ್ಬರ ಮುಖವನ್ನು ಒಬ್ಬರು ನೋಡುವುದಿಲ್ಲ. ಊರಿನವರಿಗೆ ಇದು ಆಸ್ತಿಯ ಜಗಳ. ನಮಗಾದರೋ ಇದು ಅದಕ್ಕಿಂತ ಹೆಚ್ಚಿನದು. ಏಕೆಂದರೆ ಆ ಜಗಳಕ್ಕೆ ಕಾರಣವಾದ ಕಾಗದದ ಮೇಲಿರುವುದು ನಮ್ಮದೇ ಕೈಬರಹ.

ಆ ತಂದೆ ಮೂವತ್ತಕ್ಕೂ ಹೆಚ್ಚು ವರ್ಷ ಆ ಊರಿನ ಉಪದೇಶಿಯಾಗಿದ್ದವರು. ತಿಂಗಳಿಗೊಮ್ಮೆ ಮಾತ್ರ ಗುರುಗಳು ಬರುತ್ತಿದ್ದ ದಿನಗಳಲ್ಲಿ ಭಾನುವಾರದ ಪ್ರಾರ್ಥನೆ ನಡೆಸಿದವರು, ಮಕ್ಕಳಿಗೆ ಜಪಗಳನ್ನು ಕಲಿಸಿದವರು, ಮಳೆಗಾಲದಲ್ಲಿ ದಾರಿ ಕಟ್ಟಿದಾಗ ಸತ್ತವರನ್ನು ಪ್ರಾರ್ಥನೆಯೊಂದಿಗೆ ಮಣ್ಣು ಮಾಡಿದವರು. ಗುರುಪಟ್ಟವಿಲ್ಲದ ಗುರುವೆಂದರೆ ತಪ್ಪಾಗದು. ನಮ್ಮಂತಲ್ಲದೆ ಅವರಿಗೆ ಮಡದಿಯಿದ್ದಳು, ಇಬ್ಬರು ಗಂಡು ಮಕ್ಕಳು, ಒಬ್ಬ ಮಗಳು ಇದ್ದರು. ಶ್ವಾಸಕೋಶದ ಕಾಯಿಲೆ ಉಲ್ಬಣಿಸಿ ಅವರು ಹಾಸಿಗೆ ಹಿಡಿದಾಗ ನಾವು ಪರಮ ಪ್ರಸಾದ ಹಾಗೂ ರೋಗಿಗಳ ಅಭ್ಯಂಗ ಸಂಸ್ಕಾರ ನೀಡಲು ಹೋದೆವು. ಸಂಸ್ಕಾರ ಮುಗಿದ ಮೇಲೆ ಅವರು, 'ಸ್ವಾಮಿ, ಇನ್ನೊಂದು ಕೆಲಸ ಉಳಿದಿದೆ, ಬರೆದುಕೊಳ್ಳಿ' ಎಂದರು.

ಮೊಮ್ಮಗಳ ಶಾಲೆಯ ನೋಟುಪುಸ್ತಕದಿಂದ ಎರಡು ಹಾಳೆ ಹರಿದುಕೊಂಡು ನಾವು ಬರೆಯುತ್ತ ಹೋದೆವು. ಮೊದಲ ಮಾತು ಸಾಲದ್ದು. ಇರುವ ಎರಡು ಹಸುಗಳಲ್ಲಿ ಒಂದನ್ನು ಮಾರಿ ಬಿತ್ತನೆ ಬೀಜದ ಅಂಗಡಿಯ ಬಾಕಿಯನ್ನೂ ನೆರೆಯವನ ಕೈಗಡವನ್ನೂ ತೀರಿಸತಕ್ಕದ್ದು. ಮನೆ, ಹಿತ್ತಲು, ಉಳಿದ ಹಸು ಮಡದಿಗೆ. ಗಂಡು ಮಕ್ಕಳಿಬ್ಬರೂ ವರ್ಷಕ್ಕೆ ತಲಾ ಎರಡು ಮೂಟೆ ರಾಗಿಯನ್ನು ತಾಯಿಗೆ ಅಳೆಯತಕ್ಕದ್ದು. ಮಳೆಯಾಶ್ರಿತ ಹೊಲ ಗಂಡು ಮಕ್ಕಳಿಗೆ ಸಮಪಾಲು. ಬಾವಿಯ ಮಗ್ಗುಲಿನ ೧೮ ಗುಂಟೆ ಮಗಳಿಗೆ. ತಮ್ಮ ನಂತರ ಪ್ರಾರ್ಥನೆ ನಡೆಸಲಿರುವ ಯುವಕನಿಗೆ ಸೈಕಲ್ಲು, ಜಪದ ಪುಸ್ತಕಗಳು ಮತ್ತು ಕೈಯಿಂದ ಬರೆದ ಹಾಡಿನ ಪುಸ್ತಕ. ಬಾಲ್ಯದಿಂದ ಜೊತೆಯಲ್ಲಿ ಕೂಲಿ ಮಾಡಿದ ಗೆಳೆಯನಿಗೆ ಕಂಬಳಿ, ಏಕೆಂದರೆ 'ಅವನಿಗೆ ಚಳಿ ತಡೆಯುವುದಿಲ್ಲ'. ಕೊನೆಗೆ ತಲೆದಿಂಬಿನ ಕೆಳಗಿನಿಂದ ದೇವಾಲಯದ ಬೀಗದ ಕೈ ತೆಗೆದು ನಮ್ಮ ಅಂಗೈಯಲ್ಲಿಟ್ಟು, 'ಇದನ್ನು ಬರೆಯಬೇಡಿ, ಇದು ನನ್ನದಲ್ಲ' ಎಂದರು.

ಓದಿ ಹೇಳಿದೆವು. ಅವರು ಸಹಿ ಹಾಕಿದರು. ಸಾಕ್ಷಿಗಳು ಬೇಕೆಂದು ನಮಗೆ ತಿಳಿದಿತ್ತು. ಒಂದು ಸಾಕ್ಷಿಗೆ ನಾವೇ ಸಹಿ ಹಾಕಿದೆವು. ಇನ್ನೊಂದಕ್ಕೆ ಅಕ್ಷರ ಬಲ್ಲವರು ಯಾರೆಂದು ಸುತ್ತ ನೋಡಿದಾಗ ಬಾಗಿಲ ಬಳಿ ಅಳಿಯ ನಿಂತಿದ್ದ. ಅವನಿಂದ ಸಹಿ ಹಾಕಿಸಿದೆವು. ನಾಲ್ಕು ದಿನಗಳ ನಂತರ ಉಪದೇಶಿಗಳು ತೀರಿಕೊಂಡರು.

ತಿಂಗಳುಗಳು ಉರುಳಿದ ಮೇಲೆ ಖಾತೆ ಬದಲಾವಣೆಗೆಂದು ಮಕ್ಕಳು ಕೊಳ್ಳೇಗಾಲದ ವಕೀಲರೊಬ್ಬರಿಗೆ ಆ ಕಾಗದವನ್ನು ತೋರಿಸಿದರು. ಅವರು ಅದನ್ನು ಓದಿ ಹೇಳಿದ ಮಾತು ನಮ್ಮ ಕಿವಿಗೆ ಬಿದ್ದಾಗ ನಾವು ನಾಚಿದೆವು. ನಮ್ಮ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವುದು ೧೯೨೫ರ ಭಾರತೀಯ ಉತ್ತರಾಧಿಕಾರ ಅಧಿನಿಯಮ. ಅದರ ೬೭ನೆಯ ಕಲಮಿನ ಪ್ರಕಾರ ಉಯಿಲಿಗೆ ಸಾಕ್ಷಿ ಹಾಕಿದವನಿಗಾಗಲಿ, ಅವನ ಗಂಡ ಅಥವಾ ಹೆಂಡತಿಗಾಗಲಿ ಅದೇ ಉಯಿಲಿನಲ್ಲಿ ಬಿಟ್ಟ ಸ್ವತ್ತು ಸಿಂಧುವಲ್ಲ. ಉಯಿಲು ಉಳಿಯುತ್ತದೆ, ಸಾಕ್ಷಿಯೂ ಉಳಿಯುತ್ತದೆ. ಆ ಒಂದು ಕೊಡುಗೆ ಮಾತ್ರ ಬಿದ್ದುಹೋಗುತ್ತದೆ. ಮಗಳ ಗಂಡ ಸಾಕ್ಷಿಯಾದ್ದರಿಂದ ಮಗಳ ೧೮ ಗುಂಟೆ ಉಯಿಲಿಲ್ಲದೆ ಉಳಿದ ಆಸ್ತಿಯಂತಾಯಿತು. ಅಂಥ ಆಸ್ತಿಯಲ್ಲಿ ವಿಧವೆಗೆ ಮೂರನೆಯ ಒಂದು ಭಾಗ. ಉಳಿದುದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಸಮನಾಗಿ. ತಾಯಿಗೆ ೬ ಗುಂಟೆ, ಮೂವರು ಮಕ್ಕಳಿಗೆ ತಲಾ ೪ ಗುಂಟೆ. ತಂದೆ ೧೮ ಗುಂಟೆ ಕೊಟ್ಟ ಮಗಳ ಕೈಯಲ್ಲಿ ಉಳಿದುದು ೪.

ಕಾನೂನು ಕ್ರೂರವೆಂದು ಆಗ ನಮಗೆ ತೋರಿತು. ಶಾಂತವಾಗಿ ಯೋಚಿಸಿದಾಗ ಅದರ ವಿವೇಕ ಕಂಡಿತು. ಸಾಯುವವನ ಮಂಚದ ಸುತ್ತ ನಿಂತು, ತನಗೆ ಬೇಕಾದುದನ್ನು ಬರೆಸಿಕೊಂಡು, ತಾನೇ ಸಾಕ್ಷಿ ಹಾಕುವ ಬಂಧುಗಳೂ ಲೋಕದಲ್ಲಿದ್ದಾರೆ. ಅಂಥವರಿಂದ ರೋಗಿಯನ್ನು ಕಾಯಲೆಂದೇ ಆ ನಿಯಮ. ಕಾನೂನಿನಲ್ಲಿ ದೋಷವಿರಲಿಲ್ಲ, ಅದನ್ನರಿಯದೆ ಲೇಖನಿ ಹಿಡಿದ ನಮ್ಮಲ್ಲಿ ದೋಷವಿತ್ತು. ತತ್ತ್ವಶಾಸ್ತ್ರವನ್ನು ವರ್ಷಗಟ್ಟಲೆ ಓದಿ, ಸತ್ತೆ ಮತ್ತು ಸಾರಗಳ ಭೇದವನ್ನು ವಿವರಿಸಬಲ್ಲವರಾದ ನಮಗೆ, ಒಬ್ಬ ಬಡವನ ಕೊನೆಯ ಮಾತು ನಿಲ್ಲುವಂತೆ ಎರಡು ಹಾಳೆ ಬರೆಯಲು ಬರಲಿಲ್ಲ.

ಆ ಬಳಿಕ ಮರಣಶಾಸನಗಳ ಕುರಿತು ಸಿಕ್ಕಿದ್ದನ್ನೆಲ್ಲ ಓದುವ ಹವ್ಯಾಸ ನಮಗೆ ಅಂಟಿತು. ಹಾಗೆ ಓದುವಾಗ ನಮ್ಮ ಉಪದೇಶಿಗಳನ್ನೇ ಕಣ್ಮುಂದೆ ತಂದು ನಿಲ್ಲಿಸಿದ್ದು ವಿಲಿಯಂ ಕೇರಿಯ ಉಯಿಲು. ಕೇರಿ ನಮ್ಮ ಧರ್ಮಸಭೆಯವರಲ್ಲ, ಬ್ಯಾಪ್ಟಿಸ್ಟ್ ಪಂಗಡದ ಬೋಧಕರು. ೧೭೬೧ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಚಮ್ಮಾರಿಕೆ ಮಾಡುತ್ತ ಭಾಷೆಗಳನ್ನು ಕಲಿತು, ೧೭೯೩ರಲ್ಲಿ ಬಂಗಾಳಕ್ಕೆ ಬಂದು, ೧೮೦೦ರಿಂದ ಡೇನರ ವಸಾಹತಾಗಿದ್ದ ಶ್ರೀರಾಮಪುರದಲ್ಲಿ ನೆಲೆಸಿದವರು. ಕನ್ನಡಿಗರಾದ ನಮಗೆ ಅವರ ಋಣ ಉಂಟು. ೧೭ನೆಯ ಶತಮಾನದಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಗಲ್ಲಿಟ್ಟ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರು ಬರೆದ ಕನ್ನಡ ವ್ಯಾಕರಣ ಹಸ್ತಪ್ರತಿಯಾಗಿಯೇ ಉಳಿದರೆ, ಕೇರಿಯವರ ಕನ್ನಡ ವ್ಯಾಕರಣ ೧೮೧೭ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. ಕನ್ನಡ ನಾಡನ್ನು ತಮ್ಮ ಕಾರ್ಯಕ್ಷೇತ್ರವಾಗಿಸಿಕೊಳ್ಳದೆಯೂ ಕನ್ನಡಕ್ಕೆ ವ್ಯಾಕರಣ ಬರೆದ ಆ ಹಿರಿಯರು ೧೮೩೪ರ ಜೂನ್ ೯ರಂದು ತೀರಿಕೊಂಡರು. ಕೊನೆಯ ದಿನಗಳನ್ನು ಅವರು ಕಾಯಿಲೆಯ ಹಾಸಿಗೆಯಲ್ಲೇ ಕಳೆದರು.

ಅವರ ಉಯಿಲಿನಲ್ಲಿ ಮೊದಲು ಕಾಣುವುದು ದಾನವಲ್ಲ, ನಿರಾಕರಣೆ. ಶ್ರೀರಾಮಪುರದ ಮಿಷನ್ ಕಟ್ಟಡಗಳ ಮೇಲೆ ತಮಗೆ ಯಾವ ಹಕ್ಕೂ ಇಲ್ಲ, ಎಂದೂ ಇರಲಿಲ್ಲ, ಇದೆಯೆಂದು ತಾವು ಭಾವಿಸಿಯೂ ಇರಲಿಲ್ಲ ಎಂದು ಅವರು ಸ್ಪಷ್ಟಪಡಿಸಿದ್ದಾರೆ. ಆ ಕಟ್ಟಡಗಳ ಒಡೆತನದ ವಿಷಯವಾಗಿ ಶ್ರೀರಾಮಪುರದವರಿಗೂ ಇಂಗ್ಲೆಂಡಿನ ಸಂಘದವರಿಗೂ ವರ್ಷಗಳ ಕಾಲ ಕಹಿ ವಿವಾದ ನಡೆದಿತ್ತೆಂಬುದನ್ನು ನೆನೆದರೆ ಆ ಮಾತಿನ ತೂಕ ತಿಳಿಯುತ್ತದೆ. ತಾವು ಕೂಡಿಸಿದ್ದ ಖನಿಜಗಳು, ಶಂಖ ಚಿಪ್ಪುಗಳು, ಹವಳಗಳು, ಕೀಟಗಳು, ಒಣಗಿಸಿಟ್ಟ ಸಸ್ಯಗಳು, ನಾನಾ ಭಾಷೆಗಳ ಬೈಬಲ್ಲುಗಳು, ಇವೆಲ್ಲ ೧೮೧೮ರಲ್ಲಿ ತಾವೇ ಸ್ಥಾಪಿಸಿದವರಲ್ಲಿ ಒಬ್ಬರಾಗಿದ್ದ ಶ್ರೀರಾಮಪುರ ಕಾಲೇಜಿಗೆ. ಮಡದಿ ಗ್ರೇಸ್ ತಮ್ಮ ಗ್ರಂಥಭಂಡಾರದಿಂದ ಬೇಕಾದ ಇಂಗ್ಲಿಷ್ ಪುಸ್ತಕಗಳನ್ನು ಆರಿಸಿಕೊಳ್ಳಬಹುದು. ಉಳಿದ ಪುಸ್ತಕಗಳನ್ನು ಮಾರಿ ಮಗ ಜಬೇಜನಿಗೆ ೧,೫೦೦ ರೂಪಾಯಿ ಕೊಡಬೇಕು. ಎಲ್ಲಕ್ಕಿಂತ ಮುಂಚೆ ನ್ಯಾಯವಾದ ಸಾಲಗಳು ತೀರಬೇಕು. ಶವಸಂಸ್ಕಾರ ಆದಷ್ಟು ಸರಳವಾಗಿರಬೇಕು. ೧೮೨೧ರಲ್ಲಿ ಅಗಲಿದ ಎರಡನೆಯ ಮಡದಿ ಶಾರ್ಲಟ್‌ರ ಪಕ್ಕದಲ್ಲಿ ತಮ್ಮನ್ನು ಹೂಳಬೇಕು. ಅವರ ಸಮಾಧಿಯ ಕಲ್ಲಿನಲ್ಲಿ ಉಳಿದಿರುವ ಜಾಗದಲ್ಲೇ ತಮ್ಮ ಹೆಸರು, ದಿನಾಂಕಗಳು ಹಾಗೂ ದೈನ್ಯವನ್ನು ಒಪ್ಪಿಕೊಳ್ಳುವ ಕೀರ್ತನೆಯೊಂದರ ಎರಡು ಸಾಲು ಇರಬೇಕು, ಮತ್ತೇನೂ ಕೂಡದು.

ಭಾರತದ ಅನೇಕ ಭಾಷೆಗಳಲ್ಲಿ ಧರ್ಮಗ್ರಂಥವನ್ನು ಅಚ್ಚು ಹಾಕಿಸಿದ, ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ದಶಕಗಳ ಕಾಲ ಅಧ್ಯಾಪಕರಾಗಿದ್ದ ವಿದ್ವಾಂಸರು ಮಗನಿಗೆ ೧,೫೦೦ ರೂಪಾಯಿ ಬಿಡಲು ತಮ್ಮ ಪುಸ್ತಕಗಳನ್ನೇ ಮಾರಿಸಬೇಕಾಯಿತು. ಗಳಿಸಿದ್ದರಲ್ಲಿ ಬಹುಭಾಗವನ್ನು ಅವರು ಮಿಷನ್ನಿನ ಕಾರ್ಯಕ್ಕೇ ಸುರಿದಿದ್ದರು. ಅವರ ಉಯಿಲನ್ನೂ ನಮ್ಮ ಉಪದೇಶಿಗಳ ಎರಡು ಹಾಳೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮನಸ್ಸು ಬೆರಗಾಗುತ್ತದೆ. ಸಾಲ ಮೊದಲು. ಮಡದಿ ಮರೆಯಲ್ಪಟ್ಟಿಲ್ಲ. ಪುಸ್ತಕ ಓದುವವರ ಕೈಗೆ. ತನ್ನದಲ್ಲದ್ದು ತನ್ನದಲ್ಲವೆಂಬ ಮಾತು. ಒಬ್ಬರು ಇಡೀ ಮಿಷನ್ ಆವರಣವನ್ನು ನಿರಾಕರಿಸಿದರು, ಇನ್ನೊಬ್ಬರು ಒಂದು ಬೀಗದ ಕೈಯನ್ನು.

ನಾವು ಗುರುಮಠದಲ್ಲಿ ಓದಿದ ಅರಿಸ್ಟಾಟಲನ ಉಯಿಲೂ ಉಳಿದು ಬಂದಿದೆ. ಡಯೊಜಿನಿಸ್ ಲಾಯರ್ಷಿಯಸ್ ಅದನ್ನು ದಾಖಲಿಸಿದ್ದಾನೆ. ಸತ್ತಾಮೀಮಾಂಸೆಯನ್ನು ಬರೆದ ಆ ಮಹಾಮತಿ ಅಲ್ಲಿ ತತ್ತ್ವವನ್ನು ಹೇಳುವುದಿಲ್ಲ. ತನ್ನೊಡನೆ ಬಾಳಿದ ಹರ್ಪಿಲ್ಲಿಸ್ ಎಂಬಾಕೆ ತನಗೆ ಒಳ್ಳೆಯವಳಾಗಿದ್ದಳೆಂದು ನೆನೆದು, ಅವಳು ಕಾಲ್ಕಿಸ್‌ನಲ್ಲಿರಲು ಬಯಸಿದರೆ ಅಲ್ಲಿಯ ಮನೆ, ಸ್ಟಗೀರದಲ್ಲಿರಲು ಬಯಸಿದರೆ ಪಿತ್ರಾರ್ಜಿತ ಮನೆ, ಅದಕ್ಕೆ ಬೇಕಾದ ಸಾಮಾನು ಸಹಿತ, ಎಂದು ವಿಧಿಸುತ್ತಾನೆ. ಮೊದಲೇ ತೀರಿಹೋದ ಮಡದಿ ಪಿಥಿಯಾಸಳ ಅಸ್ಥಿಯನ್ನು, ಅವಳೇ ಬಯಸಿದ್ದಂತೆ, ತನ್ನ ಸಮಾಧಿಯಲ್ಲಿಡಬೇಕೆನ್ನುತ್ತಾನೆ. ನ್ಯಾಯವೆಂದರೆ ಅವರವರಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವುದೆಂದು ನಮಗೆ ಕಲಿಸಿದವರು, ಅದನ್ನು ಮನೆ, ಹಾಸಿಗೆ, ಪಾತ್ರೆಗಳ ಮಟ್ಟದಲ್ಲಿ ಮಾಡಿ ತೋರಿಸಿದ ಪುಟ ಇದು. ಪ್ರೀತಿಯು ಪದಾರ್ಥಗಳ ಹೆಸರು ಹಿಡಿದು ಮಾತನಾಡದಿದ್ದರೆ ಉಳಿದವರಿಗೆ ಅದು ಕೇಳಿಸುವುದಿಲ್ಲ.

ಪ್ರಭು ಕ್ರಿಸ್ತರ ಮಾದರಿಯೂ ಇದೇ ಅಲ್ಲವೆ? ಶಿಲುಬೆಯ ಮೇಲೆ ಅವರಲ್ಲಿ ಕೊಡಲು ಏನೂ ಉಳಿದಿರಲಿಲ್ಲ. ಉಡುಪನ್ನೂ ಸೈನಿಕರು ಹಂಚಿಕೊಂಡಿದ್ದರು. ಆದರೂ ತಾಯಿಯನ್ನು ಶಿಷ್ಯನಿಗೆ, ಶಿಷ್ಯನನ್ನು ತಾಯಿಗೆ ಒಪ್ಪಿಸಿದರೆಂದು ಸಂತ ಯೊವಾನ್ನರು ಬರೆಯುತ್ತಾರೆ. ವಿಧವೆಯಾದ ತಾಯಿ ಯಾರ ಮನೆಯಲ್ಲಿ ಇರಬೇಕೆಂಬ ಪ್ರಶ್ನೆಯನ್ನು ಅವರು ಊಹೆಗೆ ಬಿಡಲಿಲ್ಲ. ನಾವು ಹೊಸ ಒಡಂಬಡಿಕೆ ಎನ್ನುವಲ್ಲಿ ಮೂಲ ಗ್ರೀಕ್ ಪದಕ್ಕೆ ಉಯಿಲು ಎಂಬ ಅರ್ಥವೂ ಇದೆ. ಬರೆದವನ ಮರಣದಿಂದಲೇ ಅದು ಜಾರಿಗೆ ಬರುತ್ತದೆಂದು ಹಿಬ್ರಿಯರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯ ವಿವರಿಸುತ್ತದೆ. ನಮ್ಮ ವಿಶ್ವಾಸವೇ ಒಂದು ಮರಣಶಾಸನದ ಫಲ. ಹೀಗಿರುವಾಗ ಉಯಿಲು ಬರೆಯುವುದು ಅಪಶಕುನವೆಂದು, ಬರೆದರೆ ಸಾವು ಬೇಗ ಬರುವುದೆಂದು ನಮ್ಮ ಮನೆಗಳಲ್ಲಿ ಹೆದರುವುದೇಕೆ?

ಹೆದರದೆ ಬರೆಯಲು ಇಚ್ಛಿಸುವವರಿಗಾಗಿ, ನಾವು ತಡವಾಗಿ ಕಲಿತುದನ್ನು ಇಲ್ಲಿ ಹೇಳುತ್ತೇವೆ. ಪ್ರಾಪ್ತ ವಯಸ್ಸಿನ, ಸ್ವಸ್ಥ ಬುದ್ಧಿಯ ಯಾರೇ ಆದರೂ ತಮ್ಮ ಸ್ವಂತ ಆಸ್ತಿಗೆ ಉಯಿಲು ಬರೆಯಬಹುದು; ಮದುವೆಯಾದ ಸ್ತ್ರೀಯೂ ಬರೆಯಬಹುದು. ರೋಗಿಯಾಗಿರುವುದು ಅಡ್ಡಿಯಲ್ಲ, ಆದರೆ ತಾನೇನು ಮಾಡುತ್ತಿದ್ದೇನೆಂದು ತಿಳಿಯದ ಸ್ಥಿತಿಯಲ್ಲಿ ಮಾಡಿದ್ದು ಸಿಂಧುವಲ್ಲ. ಮೋಸದಿಂದಾಗಲಿ ಬಲವಂತದಿಂದಾಗಲಿ ಬರೆಸಿದ್ದೂ ನಿಲ್ಲದು. ಛಾಪಾ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದಿನ ತಕರಾರು ಕಡಿಮೆ. ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಇರಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ದೃಢೀಕರಿಸಬೇಕು. ಆ ಸಾಕ್ಷಿಗಳು ಉಯಿಲಿನಿಂದ ಏನೂ ಪಡೆಯದವರಾಗಿರಬೇಕು, ಪಡೆಯುವವರ ಗಂಡ ಹೆಂಡಿರೂ ಆಗಿರಬಾರದು. ಬದುಕಿರುವವರೆಗೆ ಎಷ್ಟು ಬಾರಿಯಾದರೂ ಬದಲಾಯಿಸಬಹುದು. ಉಯಿಲು ಬರೆದ ಮೇಲೆ ಮದುವೆಯಾದರೆ ಹಳೆಯದು ರದ್ದಾಗುತ್ತದೆ, ಹೊಸದಾಗಿ ಬರೆಯಬೇಕು. ಇದೆಲ್ಲವನ್ನೂ ಮಾಡಲು ಅಭ್ಯಂಗದ ದಿನಕ್ಕಾಗಿ ಕಾಯಬೇಕಿಲ್ಲ. ಆರೋಗ್ಯವಿರುವಾಗ, ವಕೀಲರೊಬ್ಬರಿಗೆ ತೋರಿಸಿ, ಮಡದಿಗೆ ತಿಳಿಸಿ ಬರೆದಿಟ್ಟ ಕಾಗದಕ್ಕೆ ಯಾರ ಅಜ್ಞಾನದಿಂದಲೂ ಹಾನಿಯಾಗದು.

ದೇವಾಲಯಕ್ಕೆ ಬಿಡುವ ಆಸ್ತಿಯ ಮಾತು ಸೂಕ್ಷ್ಮವಾದದ್ದು. ಹತ್ತಿರದ ಬಂಧುಗಳುಳ್ಳ ಕ್ರೈಸ್ತನೊಬ್ಬ ಧಾರ್ಮಿಕ ಅಥವಾ ದಾನಕಾರ್ಯಕ್ಕೆ ಆಸ್ತಿ ಬಿಡಬೇಕಾದರೆ ಸಾಯುವುದಕ್ಕೆ ೧೨ ತಿಂಗಳಿಗೂ ಮುಂಚೆ ಬರೆದು, ಬರೆದ ೬ ತಿಂಗಳೊಳಗೆ ಅದನ್ನು ಕಾನೂನು ಹೇಳಿದ ಕಡೆ ಠೇವಣಿ ಇಡಬೇಕೆಂದು ಅದೇ ಅಧಿನಿಯಮದ ೧೧೮ನೆಯ ಕಲಮು ವಿಧಿಸಿತ್ತು. ಇದು ಸಮಾನತೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟಿಗೆ ಮೊರೆ ಹೋದವರಲ್ಲಿ ಕೇರಳದ ಗುರುಗಳಾದ ಜಾನ್ ವಲ್ಲಮಟ್ಟಂ ಪ್ರಮುಖರು. ೨೦೦೩ರ ಜುಲೈ ೨೧ರಂದು ನ್ಯಾಯಾಲಯ ಆ ಕಲಮನ್ನು ರದ್ದುಪಡಿಸಿತು. ನ್ಯಾಯವಾದ ತೀರ್ಪು. ಆದರೆ ಬೇಲಿ ತೆಗೆದ ಮೇಲೆ ನಮ್ಮಂಥ ಗುರುಗಳ ಆತ್ಮಸಾಕ್ಷಿಯೇ ಬೇಲಿಯಾಗಬೇಕು. ಮರಣಶಯ್ಯೆಯ ಬಳಿ ಕುಳಿತವರ ಮಾತಿಗೆ ಎಷ್ಟು ಬಲವಿದೆಯೆಂದು ನಮಗೆ ಗೊತ್ತು. ತಾಯಿಯ ಅನ್ನವನ್ನು ಕಿತ್ತು ಕಟ್ಟಿದ ಗಂಟೆಗೋಪುರದಿಂದ ದೇವರಿಗೆ ಮಹಿಮೆ ಸಲ್ಲದು. ಆಸ್ತಿ ಹಂಚಿಕೊಡಲು ಸೋದರನಿಗೆ ಹೇಳಿ ಎಂದು ಕೇಳಿದವನಿಗೆ ಪ್ರಭುಗಳು ತಾವು ಅದಕ್ಕೆ ನ್ಯಾಯಾಧಿಪತಿಯಲ್ಲವೆಂದು ಹೇಳಿ ಲೋಭದ ವಿರುದ್ಧ ಎಚ್ಚರಿಸಿದ್ದನ್ನು ಸಂತ ಲೂಕರ ಹನ್ನೆರಡನೆಯ ಅಧ್ಯಾಯದಲ್ಲಿ ನಾವು ಓದುತ್ತೇವೆ. ಹಂಚುವವರೂ ಪಡೆಯುವವರೂ ಆಗದೆ, ಎಚ್ಚರಿಸುವವರಾಗಿರುವುದೇ ಗುರುವಿಗೆ ಕ್ಷೇಮ.

ಹೆಣ್ಣು ಮಕ್ಕಳ ಪಾಲಿನ ವಿಷಯದಲ್ಲಂತೂ ಎಚ್ಚರಿಕೆ ಅಗತ್ಯ. ನಮ್ಮ ಯಳಂದೂರು ಎರಡು ಕಾರಣಗಳಿಗೆ ಚರಿತ್ರೆಯಲ್ಲಿ ಹೆಸರಾಗಿದೆ. ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ವಂಶಪಾರಂಪರ್ಯ ಜಹಗೀರಾಗಿ ದೊರೆತ ಊರು ಅದು. ಅದಕ್ಕೂ ಒಂದು ಶತಮಾನಕ್ಕಿಂತ ಹಿಂದೆ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸೇವೆಗಿದ್ದು, 'ಹದಿಬದೆಯ ಧರ್ಮ'ವನ್ನು ಬರೆದ ಸಂಚಿ ಹೊನ್ನಮ್ಮನ ಊರೂ ಅದೇ. ಪತ್ನಿಯ ಕರ್ತವ್ಯಗಳನ್ನು ಹೇಳಲು ಹೊರಟ ಆ ಕೃತಿಯಲ್ಲೇ ಆಕೆ ಹೆಣ್ಣನ್ನು ಕೀಳೆಂದು ಬಗೆಯುವವರನ್ನು ನೇರವಾಗಿ ಪ್ರಶ್ನಿಸಿದಳು. ಜಹಗೀರು ಇತಿಹಾಸದ ಪುಟ ಸೇರಿತು, ಪ್ರಶ್ನೆ ಮಾತ್ರ ಉಳಿದಿದೆ. ಮಗಳಿಗೆ ಮದುವೆಯಲ್ಲಿ ಕೊಟ್ಟಾಯಿತಲ್ಲ ಎಂಬ ಮಾತನ್ನು ನಾವು ಇಂದಿಗೂ ಕೇಳುತ್ತೇವೆ. ಕಾನೂನು ಹಾಗೆ ಹೇಳುವುದಿಲ್ಲ, ಶುಭಸಂದೇಶವೂ ಹೇಳುವುದಿಲ್ಲ.

ಆ ೧೮ ಗುಂಟೆಯ ಕಥೆಗೆ ಹಿಂತಿರುಗೋಣ. ತಪ್ಪು ತಿಳಿದ ಮೇಲೆ ನಾವು ಆ ಮನೆಗೆ ಹೋಗಿ, ತಾಯಿ ಮಕ್ಕಳೆಲ್ಲರ ಮುಂದೆ, ದೋಷ ನಮ್ಮದೆಂದು ಒಪ್ಪಿಕೊಂಡು ಕ್ಷಮೆ ಕೇಳಿದೆವು. ಧರ್ಮಸಭೆಯಲ್ಲಿ ಒಂದು ನಿಯಮವಿದೆ: ಧರ್ಮಸಭೆಗೆಂದು ಬಿಟ್ಟ ಕೊಡುಗೆಯಲ್ಲಿ ಲೌಕಿಕ ಕಾನೂನಿನ ವಿಧಿಗಳು ತಪ್ಪಿಹೋಗಿದ್ದರೆ, ಸತ್ತವರ ಇಚ್ಛೆಯನ್ನು ನೆರವೇರಿಸುವ ಹೊಣೆಯನ್ನು ವಾರಸುದಾರರಿಗೆ ನೆನಪಿಸಬೇಕು. ದೇವಾಲಯದ ವಿಷಯದಲ್ಲಿ ಆತ್ಮಸಾಕ್ಷಿಗೆ ಸಲ್ಲುವ ಮಾತು ಮಗಳ ವಿಷಯದಲ್ಲಿ ಏಕೆ ಸಲ್ಲಬಾರದು ಎಂದು ಕೇಳಿದೆವು. ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, 'ಅವರು ಹೇಳುವಾಗ ನಾನು ಕಾಲ ಬಳಿ ಕೂತಿದ್ದೆ, ನನಗೆ ಕಾಗದ ಬೇಡ' ಎಂದು ತಮ್ಮ ೬ ಗುಂಟೆಯನ್ನು ಮಗಳಿಗೆ ಬಿಟ್ಟುಕೊಟ್ಟರು. ಕಿರಿಯ ಮಗ ತನ್ನ ೪ ಗುಂಟೆಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟ. ಹಿರಿಯ ಮಗ, 'ಕಾನೂನು ಕೊಟ್ಟದ್ದನ್ನು ನಾನೇಕೆ ಬಿಡಲಿ?' ಎಂದ. ಅವನ ಮೇಲೆ ಸಾಲವಿತ್ತು, ಮಕ್ಕಳ ಓದಿತ್ತು. ಅವನನ್ನು ದುಷ್ಟನೆಂದು ಕರೆಯಲು ನಮಗೆ ಬಾಯಿ ಬಾರದು. ಆ ೪ ಗುಂಟೆ ಇಂದಿಗೂ ಅವನ ಹೆಸರಿನಲ್ಲಿದೆ. ಆ ೪ ಗುಂಟೆಯ ಅಗಲವೇ ನವೆಂಬರ್ ೨ರಂದು ಅಣ್ಣ ತಂಗಿಯರ ನಡುವೆ ಇರುತ್ತದೆ.

ಆ ವರ್ಷವೇ ನಾವೂ ನಮ್ಮ ಉಯಿಲನ್ನು ಬರೆದಿಟ್ಟೆವು. ಧರ್ಮಪ್ರಾಂತ್ಯದ ಗುರುವಿಗೆ ಸ್ವಂತ ಆಸ್ತಿ ಇರಬಹುದು, ನಮಗಿರುವುದು ಸ್ವಲ್ಪವೇ. ಮೊದಲ ಸಾಲಿನಲ್ಲಿ, ನಾವು ವಾಸಿಸುವ ಗುರುಮನೆ, ಓಡಿಸುವ ವಾಹನ, ನಮ್ಮ ಸಹಿಯಿಂದ ನಡೆಯುವ ಧರ್ಮಕೇಂದ್ರದ ಬ್ಯಾಂಕ್ ಖಾತೆ, ಇವುಗಳಲ್ಲಿ ಯಾವುದೂ ನಮ್ಮದಲ್ಲವೆಂದು ಬರೆದಿದ್ದೇವೆ. ಪುಸ್ತಕಗಳು ಗುರುಮಠಕ್ಕೆ. ತಾಯಿ ತಂದೆಯರಿಂದ ಬಂದ ಪಾಲು ಅವರನ್ನು ಕೊನೆಯವರೆಗೆ ನೋಡಿಕೊಂಡ ತಂಗಿಗೆ. ಸಾಕ್ಷಿಗಳಾಗಿ, ಏನನ್ನೂ ಪಡೆಯದ ಇಬ್ಬರು ನೆರೆಯವರು.

ಪ್ರಿಯ ಓದುಗರೇ, ಈ ಮಾಸದಲ್ಲಿ ನೀವು ಸಮಾಧಿಗಳಿಗೆ ಹೂವಿಟ್ಟು ಬಂದ ಮೇಲೆ, ಮನೆಯಲ್ಲಿ ಮಡದಿಯನ್ನು ಅಥವಾ ಪತಿಯನ್ನು ಎದುರಿಗೆ ಕೂರಿಸಿಕೊಂಡು ಒಂದು ಗಂಟೆ ಇದಕ್ಕಾಗಿ ಕೊಡಿ. ಯಾರಿಗೆ ಎಷ್ಟು ಸಾಲ ಕೊಡಬೇಕು, ಮನೆ ಯಾರದಾಗಬೇಕು, ಮಗಳಿಗೇನು, ಚಳಿ ತಡೆಯದ ಗೆಳೆಯನಿಗೇನು ಎಂದು ಬರೆಯಿರಿ. ಸಾಕ್ಷಿಗೆ ಬಾಗಿಲ ಬಳಿ ನಿಂತವರನ್ನು ಕರೆಯಬೇಡಿ, ಬೀದಿಯಾಚೆಯವರನ್ನು ಕರೆಯಿರಿ. ನಮ್ಮ ಉಪದೇಶಿಗಳ ಆತ್ಮಕ್ಕೆ ಪ್ರಭುಗಳು ಚಿರಶಾಂತಿಯನ್ನು ದಯಪಾಲಿಸಲಿ. ಅವರ ಸಮಾಧಿಯ ಬಳಿ ಅಣ್ಣ ತಂಗಿಯರು ಒಂದೇ ಬದಿಗೆ ನಿಲ್ಲುವ ನವೆಂಬರ್ ಒಂದು ಬರಲಿ ಎಂದು ನಿಮ್ಮ ಪ್ರಾರ್ಥನೆಯನ್ನೂ ಕೋರುತ್ತೇವೆ.